ಆರು ವರ್ಷದಿಂದ ಬಾಂಡ್ಲಿ ಹೊರ್ತಿದೀನಿ, ಈಗ ಕರಣೆ ಹಿಡಿಯೋದು ಕಲೀಬೇಕು. ಎಲ್ಲಿಂದ ಶುರು ಮಾಡ್ಲಿ?

ಪಾವಗಡದ ಸೊಸೆ · ಭಾನುವಾರ ರಾತ್ರಿ

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋಗ್ತೀನಿ, ಕೈಯಾಳು. ಆರು ವರ್ಷ ಆಯ್ತು. ಮರಳು ಜರಡಿ ಹಿಡಿಯೋದು, ಸಿಮೆಂಟ್ ಮರಳಿನ ಮಾಲು ಕಲ್ಸೋದು, ಬಾಂಡ್ಲಿ ಹೊತ್ತು ಸಾರ್ವೆ ಮೇಲಕ್ಕೆ ಕೊಡೋದು, ಗೋಡೆಗೆ ನೀರು ಹೊಡೆಯೋದು, ಸಾಯಂಕಾಲ ಮೇಸ್ತ್ರಿಗಳ ಸಾಮಾನು ತೊಳೆದಿಡೋದು, ಇಷ್ಟೂ ನನ್ನ ಕೆಲ್ಸ. ಮಾಲು ಎಷ್ಟು ಗಟ್ಟಿ ಇರ್ಬೇಕು ಅನ್ನೋದು ಸಲಿಕೆ ಎಳೆದಾಗ್ಲೇ ನನ್ನ ಕೈಗೆ ಗೊತ್ತಾಗುತ್ತೆ, ನಾನು ಕಲ್ಸಿದ್ದಕ್ಕೆ ಇವತ್ತಿನವರೆಗೂ ಯಾವ ಮೇಸ್ತ್ರೀನೂ ಹೆಸರಿಟ್ಟಿಲ್ಲ. ಆದ್ರೆ ಗೋಡೆಗೆ ಮಾಲು ಹೊಡೆಯೋ ಕರಣೆ ಮಾತ್ರ ಕೈಗೆ ಕೊಡಲ್ಲ. ನನ್ನ ಜೊತೆ ಸೇರ್ಕೊಂಡ ಹುಡುಗ್ರು ಎರಡು ಮೂರು ವರ್ಷಕ್ಕೆ ಮೇಸ್ತ್ರಿ ಆಗಿ ಹೋದ್ರು, ನಾನು ಇನ್ನೂ ಬಾಂಡ್ಲಿ. ಕೂಲಿನೂ ಅವ್ರಿಗೆ ಕೊಡೋದ್ರಲ್ಲಿ ಹೆಚ್ಚೂಕಮ್ಮಿ ಅರ್ಧ.

ಊರಲ್ಲಿ ನಮ್ಮನೆ ಹಿಂದೆ ಒಂದು ರೂಮು ಎಬ್ಬಿಸಿದೀವಿ, ಹತ್ತಡಿ ಹನ್ನೆರಡಡಿ, ಸುಟ್ಟ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ದುಡ್ಡು ಮುಗೀತು ಅಂತ ಪ್ಲಾಸ್ಟರಿಂಗ್ ಬಾಕಿ. ಆ ರೂಮಿನ ಒಳಗಡೆ ಗೋಡೆ ನಾನೇ ಮಾಡ್ತೀನಿ ಅಂತ ಮನೆಯವ್ರಿಗೆ ಹೇಳ್ಬಿಟ್ಟಿದೀನಿ. ಮೊನ್ನೆ ಸೈಟಲ್ಲಿ ಊಟದ ಟೈಮಲ್ಲಿ ಯಾರೂ ಇಲ್ದಾಗ ಮೇಸ್ತ್ರಿ ಕರಣೆ ತಗೊಂಡು ಹತ್ತು ಹನ್ನೆರಡು ಸಲ ಹೊಡೆದು ನೋಡಿದೆ, ಮುಕ್ಕಾಲು ಭಾಗ ಕಾಲ ಮೇಲೇ ಬಿತ್ತು. ನೋಡೋಕೆ ಅಷ್ಟು ಸುಲಭ ಕಾಣೋದು ಕೈಗೆ ಯಾಕೆ ಬರಲ್ಲ? ಯಾವ ಕರಣೆ ತಗೊಳ್ಳಿ, ಮೊದ್ಲು ಏನು ಕಲೀಲಿ, ಗೊತ್ತಿರೋರು ದಯವಿಟ್ಟು ಹೇಳಿ.

ಹಳೇ ಕರಣೆ · ಭಾನುವಾರ ರಾತ್ರಿ

ನಮ್ದು ಮಂಡ್ಯ ಕಡೆ, ಗಾರೆ ಕೆಲ್ಸದಲ್ಲೇ ಕೂದ್ಲು ಬೆಳ್ಳಗಾಗದೆ. ತಾಯಿ, ಮಾಲು ಕಲ್ಸೋದು ಬತ್ತದೆ ಅಂದ್ರೆ ಅರ್ಧ ಕೆಲ್ಸ ನಿಮ್ಗೆ ಬಂದೈತೆ. ಕರಣೆ ಹಿಡಿದು ಮೂರು ವರ್ಷ ಆದ್ರೂ ಮಾಲಿನ ಹದ ಗೊತ್ತಿಲ್ದಿರೋ ಹುಡುಗ್ರನ್ನ ಬೇಕಾದಷ್ಟು ನೋಡಿವ್ನಿ.

ಈಗ ಕಾಲ ಮೇಲೆ ಯಾಕೆ ಬಿತ್ತು ಅಂತ ಹೇಳ್ತೀನಿ. ನೀವು ತೋಳಲ್ಲಿ ಎಸೆದಿರ್ತೀರ. ಮಾಲು ಎಸೆಯೋದು ತೋಳಲ್ಲ, ಮಣಿಕಟ್ಟು. ಗೋಡೆಗೆ ನೇರ ಎದುರು ನಿಲ್ಬೇಡಿ, ಎಡಗಾಲು ಸ್ವಲ್ಪ ಮುಂದಿಟ್ಟು ಓರೆಯಾಗಿ ನಿಲ್ಲಿ, ಗೋಡೆಗೂ ಕರಣೆಗೂ ಒಂದು ಒಂದೂವರೆ ಅಡಿ ದೂರ ಇರ್ಲಿ. ಕರಣೆ ತುಂಬ ಮಾಲು ತಗೋಬೇಡಿ, ಅರ್ಧ ಸಾಕು, ಮತ್ತೆ ಅದು ಅಲಗಿನ ಮಧ್ಯೆ ಉಂಡೆ ಆಗಿ ಕೂತಿರ್ಬಾರ್ದು, ಬಾಂಡ್ಲಿ ಅಂಚಿಗೆ ಒಂದ್ಸಲ ಕುಲುಕಿದ್ರೆ ಅಲಗಿನ ಮೇಲೆ ಚಪ್ಪಟೆ ಆಯ್ತದೆ. ಆಮೇಲೆ ಕೆಳಗಿಂದ ಮೇಲಕ್ಕೆ ಸ್ವಲ್ಪ ಓರೆಯಾಗಿ ಕೈ ತಂದು ಕೊನೇ ಗಳಿಗೇಲಿ ಮಣಿಕಟ್ಟು ಹೊರಳಿಸ್ಬೇಕು, ರೊಟ್ಟೀನ ಹೆಂಚಿನ ಮೇಲೆ ಮಗುಚಿ ಹಾಕ್ತೀವಲ್ಲ ಆ ಥರ. ಸರಿಯಾಗಿ ಬಿದ್ರೆ ಚಪ್ ಅಂತ ಸದ್ದು ಬತ್ತದೆ, ಅಗಲವಾಗಿ ಅಂಟ್ಕತದೆ. ಧೊಪ್ ಅಂದ್ರೆ ಉಂಡೆ ಬಿದ್ದೈತೆ ಅಂತ, ಅದು ಜಾರ್ತದೆ. ಕಿವೀಲೇ ಕಲೀಬೋದು ಇದ್ನ, ನಮ್ ಗುರುಗಳು ನಮ್ಗೆ ಬೆನ್ನು ತಿರುಗಿಸ್ಕಂಡೇ ಕೂತು ಸರಿ ತಪ್ಪು ಹೇಳೋರು.

ಮಾಲು ನಿಲ್ದೇ ಇರಕೆ ಗೋಡೆನೂ ಕಾರಣ. ಇಟ್ಟಿಗೆ ಒಣಗಿ ಬಾಯಾರಿದ್ರೆ ಮಾಲಿನ ನೀರೆಲ್ಲಾ ಒಂದೇ ಗುಟುಕಿಗೆ ಕುಡ್ಕಂಡು ಉದುರುಸ್ತದೆ. ಆಗಷ್ಟೇ ನೀರು ಹೊಡೆದು ಗೋಡೆ ಮೇಲೆ ನೀರು ಹೊಳೀತಾ ಇದ್ರೂ ನಿಲ್ಲಾಕಿಲ್ಲ. ಹಿಂದಿನ್ ದಿನ ಸಂಜೆ ಚೆನ್ನಾಗಿ ನೆನೆಸಿ, ಬೆಳಿಗ್ಗೆ ಒಂದು ಕೈ ಚಿಮುಕಿಸಿ, ಹೊಳಪು ಹೋಗಿ ತಂಪು ಇರುವಾಗ ಹೊಡೀರಿ.

ಕರಣೆ ಬಗ್ಗೆ, ಪ್ಲಾಸ್ಟರಿಂಗ್‌ಗೆ ಎಂಟು ಇಂಚು ಒಂಬತ್ತು ಇಂಚಿಂದು ಹಿಡೀತಾರೆ, ನೀವು ಏಳು ಇಂಚಿಂದ ಶುರು ಮಾಡಿ, ಮಣಿಕಟ್ಟಿಗೆ ನೋವು ಬರಲ್ಲ. ಮೂಲೆ ಕಿಟಕಿ ಸಂದಿಗೆ ಒಂದು ಚಿಕ್ಕದು. ಅಲಗು ಕುತ್ತಿಗೆ ಸೇರೋ ಜಾಗ ಗಟ್ಟಿ ಇದ್ಯಾ ನೋಡ್ಕಂಡು ತಗಳಿ, ಬೆಸುಗೆ ಹಾಕಿದ್ದು ಅಲ್ಲೇ ಮುರೀತದೆ.

ಐಟಿಐ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಮೇಲಿನವರು ಹೇಳಿದ್ದು ಚೆನ್ನಾಗಿದೆ. ನಾನು ಬಹಳ ವರ್ಷ ಮೇಸನ್ ಟ್ರೇಡ್ ಮಕ್ಕಳಿಗೆ ಪಾಠ ಮಾಡಿದೀನಿ, ಒಂದು ಮಾತು ಸೇರಿಸ್ತೀನಿ. ಕಲಿಯೋಕೆ ಸಿಮೆಂಟ್ ಬಳಸ್ಬೇಡಿ ಅಮ್ಮಾ. ಸಿಮೆಂಟಿಗೆ ನೀರು ಹಾಕಿದ ಕೂಡ್ಲೇ ಗಡಿಯಾರ ಓಡೋಕೆ ಶುರು, ಹೊಸಬರಿಗೆ ಆ ಅವಸರದಲ್ಲಿ ಕೈ ಕಲಿಯಲ್ಲ, ಮೇಲಾಗಿ ಒಂದು ಮೂಟೆ ವೇಸ್ಟ್ ಆದ್ರೆ ಮನಸ್ಸೂ ಕುಗ್ಗುತ್ತೆ. ನಾವು ತರಬೇತಿಗೆ ಸುಣ್ಣ ಮರಳು ಕಲ್ಸಿ ಕೊಡ್ತಿದ್ವಿ. ಅರಳಿಸಿದ ಸುಣ್ಣದ ಪುಡಿ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಅದು ದಿನಗಟ್ಟಲೆ ಗಟ್ಟಿ ಆಗಲ್ಲ. ಗೋಡೆಗೆ ಹೊಡೀರಿ, ಸಮ ಮಾಡೋ ಉದ್ದನೆ ಪಟ್ಟಿ ಎಳೀರಿ, ನುಣುಪು ಮಾಡೋ ಮರದ ಮಣೆ ಉಜ್ಜಿ, ಸಂಜೆ ಅಷ್ಟನ್ನೂ ಕೆರೆದು ಬಾಂಡ್ಲಿಗೆ ಹಾಕಿ ಒದ್ದೆ ಗೋಣಿ ಮುಚ್ಚಿಡಿ, ನಾಳೆ ಸ್ವಲ್ಪ ನೀರು ಕೊಟ್ಟು ಮತ್ತೆ ಅದೇ ಮಾಲು. ಎರಡು ಬಾಂಡ್ಲಿ ಮಾಲಲ್ಲಿ ಒಂದು ತಿಂಗ್ಳು ಕಲೀಬಹುದು. ಸುಣ್ಣನೂ ಕೈ ಸುಡುತ್ತೆ, ರಬ್ಬರ್ ಗ್ಲೌಸ್ ಹಾಕ್ಲೇಬೇಕು, ಕಣ್ಣಿಗೆ ಹಾರಿದ್ರೆ ಉಜ್ಜದೆ ತುಂಬಾ ಹೊತ್ತು ಬರೀ ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ.

ಮೂರಡಿಗೆ ಮೂರಡಿ ಜಾಗ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೊಂಟದಿಂದ ಎದೆ ಎತ್ತರದಲ್ಲಿ. ಮೊದಲ ವಾರ ಬರೀ ಎಸೆಯೋದು, ಇನ್ನೇನೂ ಬೇಡ. ಗೆರೆ ದಾಟದಂಗೆ ಆ ಚೌಕ ತುಂಬಿಸೋದು ಬಂದ್ಮೇಲೆ ಪಟ್ಟಿ ಕೈಗೆ ತಗೊಳ್ಳಿ.

ಇನ್ನೊಂದು, ಆರು ವರ್ಷ ಕೆಲಸ ಮಾಡಿರೋರಿಗೆ ಇರೋ ಕೌಶಲ್ಯ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ಆರ್‌ಪಿಎಲ್ ಅಂತ ವ್ಯವಸ್ಥೆ ಕೇಂದ್ರದ ಕೌಶಲ್ಯ ವಿಕಾಸ ಯೋಜನೆಯಲ್ಲಿ ಇದೆ, ಕೈ ಕುದುರಿದ ಮೇಲೆ ಅದನ್ನ ಕೇಳಿ. ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿದೀರಾ? 18ರಿಂದ 60 ವಯಸ್ಸಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ರೆ ನೋಂದಣಿ ಆಗಬಹುದು, ಕೈಯಾಳಿಗೂ ಅದು ಹಕ್ಕು.

ಪಾವಗಡದ ಸೊಸೆ · ಸೋಮವಾರ ರಾತ್ರಿ

ಮೇಷ್ಟ್ರೇ, ಕಾರ್ಡ್ ಇದೆ. ಸುಣ್ಣದ ವಿಚಾರ ಗೊತ್ತೇ ಇರ್ಲಿಲ್ಲ, ಸೈಟಲ್ಲಿ ಯಾರೂ ಹಂಗೆ ಕಲ್ತಿದ್ದು ನೋಡಿಲ್ಲ. ನಾವಿರೋ ಶೆಡ್ ಪಕ್ಕ ಒಂದು ಕಾಂಪೌಂಡ್ ಗೋಡೆ ಇದೆ, ಓನರ್ ಹತ್ರ ಕೇಳ್ಕೊಂಡೆ, ಕೆರೆದು ತೊಳೆದುಬಿಡಮ್ಮ ಅಂದ್ರು. ಹಳೇ ಕರಣೆಯವ್ರೇ, ನೀವು ರೊಟ್ಟಿ ಅಂದ್ರಲ್ಲ, ಅದು ಓದಿದ ತಕ್ಷಣ ಕೈಗೆ ಅರ್ಥ ಆಯ್ತು.

ಗೌಂಡಿ ಮಾಮಾ · ಸೋಮವಾರ ರಾತ್ರಿ

ನಾ ವಿಜಯಪುರ ಕಡಿಯಾಂವ. ನಮ್ಮ ಕಡೆ ಪ್ಲಾಸ್ಟರ್‌ಗೆ ಗಿಲಾವ್ ಅಂತೀವಿ, ಕರಣಿಗೆ ಥಾಪಿ. ಮಾಸ್ತರ್ ಹೇಳಿದ್ದು ಖರೇ ಐತ್ರಿ, ಆದ್ರ ಸುಣ್ಣ ಸುಡತೈತಿ ಅನ್ನೋ ಅಂಜಿಕಿ ಇದ್ರ ಮಣ್ಣು ತಗೋ ತಂಗಿ. ನಮ್ಮಪ್ಪ ನನಗ ಮಣ್ಣಿನ ಗಿಲಾವದಾಗ ಕಲಿಸಿದಾಂವ. ಜರಡಿ ಹಿಡಿದ ಮಣ್ಣು, ಅದರಾಗ ಹೊಟ್ಟು ಇಲ್ಲಾ ಸಣ್ಣಗ ಕತ್ತರಿಸಿದ ಹುಲ್ಲು, ನೀರು ಹಾಕಿ ಕಾಲಿಲೆ ತುಳಿದು ನಾಕೈದು ದಿನ ಕೊಳಿಯಾಕ ಬಿಡು. ಬೆಣ್ಣಿ ಆದಂಗ ಆಗತೈತಿ. ಥಾಪಿಗೆ ಹತ್ತೂದಿಲ್ಲ, ಗೋಡಿಗೆ ಹತ್ತತೈತಿ, ಕೈಗೆ ಏನೂ ಆಗೂದಿಲ್ಲ. ಊರಾಗ ಮಣ್ಣಿನ ಮನಿ ಯಾವುದರ ಇದ್ರ ಅಜ್ಜಿ ಕಡೆ ಕೇಳು, ಮನಿ ಗೋಡಿ ಸಾರಿಸೂದು ನಮ್ಮ ಹೆಣ್ಣುಮಕ್ಕಳ ಕೈಯಾಗಿನ ವಿದ್ಯಾನೇ ಅಲ್ಲೇನು, ಥಾಪಿ ಬಂದ ಮ್ಯಾಲ ಅದನ್ನ ಗಂಡಸರು ಕಸಕೊಂಡ್ರು. ಇದು ನನ್ನ ಮಾತು, ಯಾರ ಬೇಕಾದ್ರೂ ಬೇಜಾರ ಮಾಡ್ಕೋರಿ.

ಎಸಿಯೂದು ಬಂತು ಅಂದ್ರ ಗಿಲಾವ್ ಬಂತು ಅಂತಲ್ಲ ಮತ್ತ. ಗಿಲಾವ್ ಅಂದ್ರ ಗೋಡಿ ತೂಕಕ್ಕ, ಅಂದ್ರ ನೆಟ್ಟಗ ಬರಬೇಕು. ಅದಕ್ಕ ಗುಂಡು ಹಿಡಿಯೂದು ಕಲಿ. ತೂಕದ ಗುಂಡಿನ ದಾರದಾಗ ಒಂದು ಸಣ್ಣ ಕಟಗಿ ತುಂಡ ಇರತೈತಲ್ಲ, ಅದರ ಅಗಲ ಮತ್ತ ಗುಂಡಿನ ಅಗಲ ಒಂದೇ ಇರತೈತಿ, ಸುಮ್ನ ಇಟ್ಟಿಲ್ಲ ಅದನ್ನ. ಮ್ಯಾಲ, ಛತ್ತಿನ ಕೆಳಗ ಅರ್ಧ ಫೂಟಿಗೆ, ಮಾಲಿನಾಗ ಒಂದು ಟೈಲ್ಸ್ ಚೂರು ಕೂಡಸು, ಅದೇ ನಿನ್ನ ಗುರುತು. ಆ ಕಟಗಿ ತುಂಡ ಟೈಲ್ಸ್‌ಗೆ ಹಚ್ಚಿ ಹಿಡಿ, ಗುಂಡು ಕೆಳಗ ಬಿಡು. ಕೆಳಗ ಇನ್ನೊಂದು ಟೈಲ್ಸ್ ಚೂರು ಕೂಡಸಿ ಗುಂಡು ಅದಕ್ಕ ಮುಟ್ಟಿಯೂ ಮುಟ್ಟದಂಗ, ನಡುವ ಒಂದು ಕೂದಲ ಹೋಗೂವಷ್ಟು ಇರೂ ತನಕ ಒತ್ತಿ ಒತ್ತಿ ಸರಿ ಮಾಡು. ಗುಂಡು ತಿರುಗೂದು ನಿಂತ ಮ್ಯಾಲೇ ನೋಡಬೇಕು, ಗಾಳಿ ಇದ್ರ ಕೈ ಅಡ್ಡ ಹಿಡಿ. ಹಿಂಗ ಐದೈದು ಫೂಟಿಗೊಂದು ಜೋಡಿ, ಪಟ್ಟಿ ಆರು ಫೂಟಿಂದು ಇದ್ರ ಎರಡೂ ಕಡೆ ಕೂಡಬೇಕು. ಈ ಮ್ಯಾಲಿನ ಕೆಳಗಿನ ಗುರುತಿನ ನಡುವ ಮಾಲು ತುಂಬಿ ಉದ್ದಕ ಒಂದು ಮಾಲಿನ ಪಟ್ಟಿ ಎಳಕೊಂಡ್ರ ಅದೇ ಹಳಿ, ರೈಲಿನ ಹಳಿ ಇದ್ದಂಗ, ಮುಂದ ಎಲ್ಲಾ ಅದರ ಮ್ಯಾಲ ಓಡತೈತಿ.

ಗುರುತು ಕೂಡಸೂಮುಂದ ಗೋಡಿ ಪೂರ್ತಿ ದಾರ ಕಟ್ಟಿ ನೋಡು, ಎಲ್ಲಿ ಇಟ್ಟಿಗಿ ಹೊರಗ ಉಬ್ಬೈತಿ ಅಲ್ಲಿ ಕಡಿಮಿ ಅಂದ್ರೂ 10 ಮಿಲಿಮೀಟರ್ ಮಾಲು ಬರೂವಂಗ ಗುರುತು ಇಡು.

ಶಾರ್ಜಾ ಕನ್ನಡಿಗ · ಮಂಗಳವಾರ

ನಾನು ಇಲ್ಲಿ ಫಿನಿಶಿಂಗ್ ಫೋರ್ಮನ್. ನಮ್ಮಲ್ಲಿ ಜಿಪ್ಸಮ್ ಪ್ಲಾಸ್ಟರ್ ಜಾಸ್ತಿ, ಯಾರೂ ಎಸೆಯಲ್ಲ. ಎಡಗೈಲಿ ಹಿಡಿ ಇರೋ ಚೌಕ ಹಲಗೆ, ಬಲಗೈಲಿ ಹನ್ನೊಂದು ಇಂಚಿನ ಉದ್ದ ಸ್ಟೀಲ್ ಕರಣೆ. ಹಲಗೆ ಮೇಲಿನ ಮಾಲನ್ನ ಕರಣೆಗೆ ಎಳ್ಕೊಂಡು ಗೋಡೆಗೆ ಒತ್ತಿ ಕೆಳಗಿಂದ ಮೇಲಕ್ಕೆ ತಳ್ಳೋದು, ಕರಣೆಯ ಮೇಲಂಚು ಗೋಡೆಯಿಂದ ಸ್ವಲ್ಪ ಎದ್ದಿರುತ್ತೆ, ಮೇಲೆ ಹೋದಂಗೆ ಅದನ್ನ ಮಲಗಿಸ್ತಾ ಹೋಗ್ಬೇಕು. ಇದು ಎಸೆಯೋದಕ್ಕಿಂತ ಬೇಗ ಕಲೀಬಹುದು, ನೆಲಕ್ಕೆ ಬೀಳೋದು ಕಮ್ಮಿ, ಭುಜಕ್ಕೂ ಒಳ್ಳೇದು. ಅಕ್ಕ ಯಾಕೆ ಇದನ್ನ ಟ್ರೈ ಮಾಡ್ಬಾರ್ದು?

ಹಳೇ ಕರಣೆ · ಮಂಗಳವಾರ

ಜಿಪ್ಸಮ್ಮಿಗೆ ಅದು ಸರಿ, ನಾನೂ ಒಪ್ತೀನಿ. ನಮ್ ಕಡೆ ಇಟ್ಟಿಗೆ ಗೋಡೆ ನೋಡಿದೀರಲ್ಲ, ಸಂದಿ ಹತ್ತು ಮಿಲಿಮೀಟರ್ ಒಳಗೆ ಕೆರೆದಿರ್ತದೆ, ಗುಂಡಿ ಉಬ್ಬು ಎಲ್ಲಾ ಇರ್ತದೆ. ಮಾಲು ರಭಸದಲ್ಲಿ ಬಿದ್ರೆ ಆ ಸಂದಿ ಒಳಗೆ ನುಗ್ಗಿ ಗಾಳೀನ ಆಚೆ ನೂಕ್ತದೆ, ಅದೇ ಹಿಡಿತ. ಕೈ ಬಲ ಇಲ್ದೆ ಬರೀ ಸವರಿಬಿಟ್ರೆ ಹಿಂದೆ ಗಾಳಿ ಕೂತ್ಕಂಡು ವರ್ಷ ಆದ್ಮೇಲೆ ತಟ್ಟಿದ್ರೆ ಡಬ ಡಬ ಅಂತದೆ.

ಶಾರ್ಜಾ ಕನ್ನಡಿಗ · ಮಂಗಳವಾರ

ಒತ್ತೋದು ಅಂದ್ರೆ ಸವರೋದಲ್ಲ ಮೇಸ್ತ್ರಿ. ಮೊದ್ಲು ತೆಳ್ಳಗೆ ಒಂದು ಪದರ ಜೋರಾಗಿ ಒತ್ತಿ ಸಂದಿ ತುಂಬಿಸಿ, ಅದು ಹಸಿ ಇರುವಾಗ್ಲೇ ಇನ್ನೊಂದು ಪದರ ಹಾಕಿದ್ರೆ ಹಿಡಿತ ಎಲ್ಲೂ ಹೋಗಲ್ಲ, ಸಿಮೆಂಟ್ ಮಾಲಲ್ಲೂ ಮಾಡಿ ನೋಡಿದೀನಿ. ಆದ್ರೆ ಜಿಪ್ಸಮ್ ಮಾತ್ರ ಬಚ್ಚಲಿಗೂ ಹೊರಗಡೆ ಗೋಡೆಗೂ ಬೇಡ, ನೀರು ತಗುಲಿದ್ರೆ ಕೆಡುತ್ತೆ, ಒಳಗಡೆ ಒಣ ಗೋಡೆಗೆ ಮಾತ್ರ.

ಸೈಟ್ ಅಕ್ಕ · ಮಂಗಳವಾರ ರಾತ್ರಿ

ನಾನು ಸಿವಿಲ್ ಇಂಜಿನಿಯರ್, ಸೈಟಲ್ಲೇ ಇರ್ತೀನಿ. ಇಬ್ರೂ ಹೇಳಿದ್ದು ನಡೆಯುತ್ತೆ, ಪಾವಗಡದವ್ರು ಎಸೆಯೋದೇ ಕಲೀಲಿ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಅವ್ರು ಕೆಲಸಕ್ಕೆ ಹೋಗೋ ಸೈಟಲ್ಲಿ ಮೇಸ್ತ್ರಿ ಅಂತ ಒಪ್ಕೋಬೇಕಾದ್ರೆ ಎಲ್ರೂ ನೋಡೋದು ಅದನ್ನೇ. ಜಾರ್ಖಂಡ್‌ನಲ್ಲಿ ಸ್ವಚ್ಛ ಭಾರತ್ ಶೌಚಾಲಯ ಕಟ್ಟೋ ಟೈಮಲ್ಲಿ ಹಳ್ಳಿ ಹೆಂಗಸರು ಗಾರೆ ಕೆಲಸ ಕಲ್ತು ಊರೂರಲ್ಲಿ ಕಟ್ಟಿದ್ರು, ರಾಣಿ ಮಿಸ್ತ್ರಿ ಅಂತಾನೇ ಕರೀತಾರೆ ಅವ್ರನ್ನ. ನಮ್ಮಲ್ಲೂ ಆ ಹೆಸ್ರು ಬರ್ಬೇಕು. ಸಮಾನ ಕೂಲಿ ಕಾನೂನು 1976ರಲ್ಲೇ ಬಂತು, ಆದ್ರೆ ಮೇಸ್ತ್ರಿ ಕೆಲಸವನ್ನೇ ಕೊಡದೆ ಕೈಯಾಳಾಗೇ ಇಟ್ರೆ ಆ ಹಕ್ಕು ಹೆಂಗಸರಿಗೆ ತಲುಪೋದೇ ಇಲ್ಲ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ.

ನಿಮ್ಮ ರೂಮಿನ ಲೆಕ್ಕ ಹಾಕಿದೆ. ಹತ್ತಡಿ ಎತ್ತರ ಅಂತ ಇಟ್ಕೊಂಡ್ರೆ ನಾಲ್ಕು ಗೋಡೆ 440 ಚದರಡಿ, ಬಾಗಿಲು ಕಿಟಕಿ ಕಳೆದು 400. ಒಳಗೋಡೆಗೆ 12 ಮಿಲಿಮೀಟರ್ ದಪ್ಪ, 1:6 ಮಾಲು, ಅಂದ್ರೆ ಸಿಮೆಂಟ್ ಒಂದು ಪಾಲು, ಮರಳು ಆರು ಪಾಲು. ನೂರು ಚದರಡಿಗೆ ಸುಮಾರು 35 ಕೆಜಿ ಸಿಮೆಂಟ್, ಐದೂಕಾಲು ಘನ ಅಡಿ ಮರಳು ಬೀಳುತ್ತೆ, ಹಂಗಾಗಿ ಒಟ್ಟು ಮೂರು ಮೂಟೆ, 21 ಘನ ಅಡಿ ಮರಳು. ಹೊಸ ಕೈ ಅಂತ ಇನ್ನೊಂದು ಮೂಟೆ ಜಾಸ್ತಿ ಇಟ್ಕೊಳ್ಳಿ. ಪ್ಲಾಸ್ಟರಿಂಗ್‌ಗೆ ಅಂತಲೇ ಸಿಗೋ ಸಣ್ಣ ಮರಳು, ಪಿ-ಸ್ಯಾಂಡ್ ತಗೊಳ್ಳಿ, ಕಾಂಕ್ರೀಟಿನ ಎಂ-ಸ್ಯಾಂಡ್ ಒರಟು, ಪಟ್ಟಿ ಎಳೆದಾಗ ಗೀರು ಬೀಳುತ್ತೆ. ಮರಳಲ್ಲಿ ಧೂಳು ಎಷ್ಟಿದೆ ಅಂತ ಗಾಜಿನ ಲೋಟದಲ್ಲಿ ನೋಡಿ, ಅರ್ಧ ಮರಳು, ಮುಕ್ಕಾಲಿಗೆ ಬರೋ ಹಂಗೆ ಉಪ್ಪು ನೀರು, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ, ಮರಳ ಮೇಲೆ ಕೂತ ಕೆಸರಿನ ಪದರ ಮರಳಿನ ಎತ್ತರದ ಶೇಕಡ 8ಕ್ಕಿಂತ ದಪ್ಪ ಇದ್ರೆ ಆ ಮರಳು ಬೇಡ, ಗೋಡೆ ಬಿರುಕು ಬಿಡುತ್ತೆ.

ಇಟ್ಟಿಗೆನೂ ಕಾಂಕ್ರೀಟೂ ಸೇರೋ ಜಾಗ, ಬೀಮ್ ಕೆಳಗೆ, ಪಿಲ್ಲರ್ ಪಕ್ಕ, ಅಲ್ಲೆಲ್ಲಾ ಚಿಕನ್ ಮೆಶ್ ಅನ್ನೋ ತಂತಿ ಬಲೆ ಹೊಡೀರಿ, ಎರಡೂ ಕಡೆಗೆ ನಾಲ್ಕು ನಾಲ್ಕು ಇಂಚಾದ್ರೂ ಬರ್ಲಿ. ಕಾಂಕ್ರೀಟ್ ನುಣುಪಾಗಿದ್ರೆ ಉಳೀಲಿ ಕಚ್ಚು ಹಾಕಿ.

ಕುಡ್ಲದವ · ಬುಧವಾರ

ನಮ್ಮಲ್ಲಿ ಕೆಂಪುಕಲ್ಲಿನ ಗೋಡೆ ಮಾರಾಯ್ರೆ, ತೂತು ತೂತು ಉಂಟು, ಮಾಲು ಎಷ್ಟು ಹೊಡೆದರೂ ಕುಡಿಯುತ್ತದೆ. ಒಂದೇ ಸಲ ದಪ್ಪ ಹಾಕಿದರೆ ಹೊಟ್ಟೆ ಬಂದು ಜಾರುತ್ತದೆ, ಮೊದಲು ಗುಂಡಿ ಮಾತ್ರ ತುಂಬಿಸಿ ಗೀರು ಹಾಕಿ ಬಿಟ್ಟು ಮರುದಿನ ಮೇಲಿನ ಪದರ. ಇಟ್ಟಿಗೆಗೂ 15 ಮಿಲಿಮೀಟರಿಗಿಂತ ಜಾಸ್ತಿ ಬೇಕಾದ ಕಡೆ ಹೀಗೇ ಮಾಡುವುದು ಒಳ್ಳೆಯದು.

ಪಾವಗಡದ ಸೊಸೆ · ಎರಡು ವಾರ ಆದ್ಮೇಲೆ

ಎಲ್ರೂ ಹೇಳಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡಿದೀನಿ. ಸುಣ್ಣ ಮರಳಲ್ಲಿ ದಿನಾ ಕೆಲಸದಿಂದ ಬಂದು ಒಂದು ಗಂಟೆ, ಬಲ್ಬ್ ಹಾಕ್ಕೊಂಡು. ಮೊದಲ ನಾಲ್ಕು ದಿನ ಅಳು ಬರೋ ಹಂಗೆ ಆಯ್ತು, ಮಣಿಕಟ್ಟು ಊದ್ಕೊಂಡಿತ್ತು. ಐದನೇ ದಿನ ಚಪ್ ಅಂತ ಒಂದು ಸದ್ದು ಬಂತು ನೋಡಿ, ನನ್ನ ಮಗಳು ಒಳಗಿಂದ ಅಮ್ಮಾ ಈಗ ಸರಿಯಾಗಿ ಬಿತ್ತು ಅಂದ್ಲು. ಈಗ ಹತ್ತಕ್ಕೆ ಎಂಟು ನಿಲ್ಲುತ್ತೆ.

ಪಟ್ಟಿ ಎಳೆಯೋವಾಗ ತೊಂದ್ರೆ. ಮಾಲು ಪಟ್ಟಿ ಜೊತೆ ಹರ್ಕೊಂಡು ಬರುತ್ತೆ, ಗೋಡೆ ಕಾಣುತ್ತೆ. ಮಣೆ ಉಜ್ಜಿದ್ರೂ ಅದೇ, ಮಾಲು ಮಣೆಗೆ ಅಂಟ್ಕೊಂಡು ಬರುತ್ತೆ.

ಹಳೇ ಕರಣೆ · ಅದೇ ದಿನ

ಮಗಳ ಕಿವಿ ಚೆನ್ನಾಗೈತೆ, ಅವಳ್ನೇ ಗುರು ಮಾಡ್ಕಳಿ.

ಪಟ್ಟೀನ ನೇರ ಮೇಲಕ್ಕೆ ಎಳೀತಾ ಇದೀರ ಅನ್ಸತದೆ. ಹಂಗಲ್ಲ, ಎರಡೂ ತುದಿ ಹಳಿ ಮೇಲೆ ಕೂತಿರ್ಲಿ, ಗರಗಸ ಎಳೆದಂಗೆ ಎಡಕ್ಕೆ ಬಲಕ್ಕೆ ಆಡಿಸ್ತಾ ಆಡಿಸ್ತಾ ಕೆಳಗಿಂದ ಮೇಲೆ ಬನ್ನಿ. ಪಟ್ಟಿ ಅಂಚು ಒಂದೊಂದು ಸಲನೂ ಒರೆಸಿ, ಒಣಗಿದ ಮಾಲು ಒಂದು ಚೂರು ಅಂಟಿದ್ರೂ ಅದೇ ಗೀರು ಎಳೀತದೆ. ಗುಂಡಿ ಕಂಡ ಕಡೆ ಮತ್ತೆ ಕರಣೇಲಿ ಒಂದೊಂದು ಹೊಡೀರಿ, ಮತ್ತೆ ಪಟ್ಟಿ. ಮೂರ್ ಸಲ ಎಳೆದ್ರೆ ಸಮ ಆಯ್ತದೆ, ಹತ್ತ್ ಸಲ ಎಳೆದ್ರೆ ಮಾಲು ಗೋಡೆ ಬಿಡ್ತದೆ, ಅದು ನೆನಪಿರ್ಲಿ.

ಮಣೆ ಹೊಸದಾ? ಹೊಸ ಮರದ ಮಣೆ ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡ್ಬೇಕು, ಇಲ್ದಿದ್ರೆ ಮಾಲಿನ ನೀರು ಮಣೆ ಕುಡೀತದೆ, ಅಂಟ್ಕತದೆ. ಇನ್ನೊಂದು, ಮಣೆ ಹಿಡಿಯೋಕೆ ಒಂದು ಗಳಿಗೆ ಐತೆ. ಹೆಬ್ಬೆಟ್ಟು ಒತ್ತಿ ನೋಡಿ. ಬೆರಳಿಗೆ ಮಾಲು ಹತ್ತಿದ್ರೆ ಇನ್ನೂ ಕಾಯಿರಿ, ಗುರುತು ಬಿದ್ದು ಬೆರಳು ಚೊಕ್ಕಟ ಬಂದ್ರೆ ಅದೇ ಟೈಮು, ಗುರುತೇ ಬೀಳಲಿಲ್ಲ ಅಂದ್ರೆ ತಡ ಆಯ್ತು. ದುಂಡಗೆ ಉಜ್ಜಿ, ಬ್ರಷ್ಷಲ್ಲಿ ನೀರು ಚಿಮುಕಿಸ್ತಾ, ಮಣೆ ಅಂಗೈಯಷ್ಟೇ ಸಮ ಒತ್ತಬೇಕು, ಒಂದು ಕಡೆ ಅಂಚು ಒತ್ತಿದ್ರೆ ಅರ್ಧ ಚಂದ್ರ ಬೀಳ್ತದೆ.

ಮನೆ ಕಟ್ಟಿಸ್ದೋನು · ಮರುದಿನ

ನಡುವೆ ಬರ್ತಾ ಇದೀನಿ ಕ್ಷಮಿಸಿ. ನಮ್ಮ ಮನೆ ಗೋಡೆ ಪ್ಲಾಸ್ಟರ್ ಆಗಿ ಆರು ತಿಂಗಳಿಗೆ ಪೂರ್ತಿ ಜೇಡರ ಬಲೆ ಥರ ಸಣ್ಣ ಸಣ್ಣ ಬಿರುಕು. ಮೇಸ್ತ್ರಿ ನೈಸ್ ಬರ್ಲಿ ಅಂತ ಕೊನೇಲಿ ಒಣ ಸಿಮೆಂಟ್ ಎರಚಿ ಉಜ್ಜಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಸೈಟ್ ಅಕ್ಕ · ಮರುದಿನ

ಇದೆ. ಮೇಲೆ ಬರೀ ಸಿಮೆಂಟಿನ ತೊಗಲು, ಕೆಳಗೆ ಮರಳು ಮಾಲು. ಸಿಮೆಂಟ್ ಒಣಗಿದಂಗೆ ಜಾಸ್ತಿ ಕುಗ್ಗುತ್ತೆ, ಕೆಳಗಿನದು ಅಷ್ಟು ಕುಗ್ಗಲ್ಲ, ಮೇಲಿನ ತೊಗಲು ಹರಿಯುತ್ತೆ. ತಡ ಆಗಿ ಹಿಡಿದ ಮಾಲಿಗೆ ಮತ್ತೆ ನೀರು ಹಾಕಿ ಕಲ್ಸಿ ಬಳಸಿದ್ರೂ ಇದೇ ಗತಿ, ಕಲ್ಸಿದ ಎರಡು ಗಂಟೆ ಒಳಗೆ ಮುಗಿಸ್ಬೇಕು, ಬಿಸಿಲಲ್ಲಿ ಇನ್ನೂ ಬೇಗ. ಕ್ಯೂರಿಂಗ್, ಅಂದ್ರೆ ಗೋಡೆಗೆ ನೀರು ಹೊಡೆಯೋದು, ಏಳು ದಿನ ಆಗಿತ್ತಾ?

ಮನೆ ಕಟ್ಟಿಸ್ದೋನು · ಮರುದಿನ

ಎರಡು ದಿನ ಹೊಡೆದಿದ್ವಿ ಮೇಡಂ, ನೀರಿನ ಟ್ಯಾಂಕರ್‌ಗೆ ದುಡ್ಡು ಅಂತ ಬಿಟ್ವಿ.

ಗೌಂಡಿ ಮಾಮಾ · ಮರುದಿನ

ಹಂಗ ಮಾಡಬ್ಯಾಡ್ರಿ. ಮರುದಿನದಿಂದ ಏಳು ದಿನ, ದಿನಕ್ಕ ಮೂರು ಸಲ. ಪಡುವಣ ಗೋಡಿಗೆ ಸಂಜಿ ಬಿಸಲು ಹೊಡಿತೈತಿ, ಅಲ್ಲಿ ಗೋಣಿ ತಟ್ಟು ಕಟ್ಟಿ ತೋಯಿಸ್ರಿ. ನಮ್ಮ ಕಡೆ ಬ್ಯಾಸಿಗಿಯಾಗ ಅಷ್ಟು ಮಾಡಲಿಲ್ಲಂದ್ರ ಗಿಲಾವ್ ಉಗುರಿಲೆ ಕೆರದ್ರ ಉದುರತೈತಿ.

ಪಾವಗಡದ ಸೊಸೆ · ಒಂದೂವರೆ ತಿಂಗಳು ಆದ್ಮೇಲೆ

ಹಬ್ಬಕ್ಕೆ ಊರಿಗೆ ಬಂದಿದೀನಿ, ಹತ್ತು ದಿನ ರಜೆ. ಮೊದಲ ಗೋಡೆ ಮುಗೀತು, ಬಾಗ್ಲು ಹಿಂದೆ ಬರೋದು, ಕಮ್ಮಿ ಕಾಣೋ ಗೋಡೇಲಿ ಶುರು ಮಾಡೋಣ ಅಂತ. ಮೊನ್ನೆ ಸಂಜೆ ಅತ್ತೆ ಗೋಡೆ ನೆನೆಸಿಟ್ಟಿದ್ರು, ನಿನ್ನೆ ನಮ್ಮನೆಯವ್ರು ಮಾಲು ಕಲ್ಸಿ ಬಾಂಡ್ಲಿ ಎತ್ತಿ ಕೊಟ್ರು. ಮೊದ್ಲು ಒಣಗಿದ್ದಾಗ್ಲೇ ಸಿಮೆಂಟ್ ಮರಳು ಮೂರು ಸಲ ತಿರುವಿ ಬಣ್ಣ ಒಂದೇ ಆದ್ಮೇಲೆ ನೀರು ಹಾಕಿ ಅಂತ ನಾನು ಅವ್ರಿಗೆ ಹೇಳ್ಕೊಡ್ಬೇಕಾಯ್ತು. ಗುರುತು ಕೂರಿಸೋಕೇ ಅರ್ಧ ದಿನ ಹೋಯ್ತು, ಗುಂಡು ನಿಲ್ಲೋವರೆಗೂ ಉಸಿರು ಬಿಗಿ ಹಿಡ್ಕೊಂಡು ನೋಡ್ತಿದ್ದೆ. ಇವತ್ತು ಬೆಳಿಗ್ಗೆ ಆರು ಅಡಿ ಪಟ್ಟಿ ಅಡ್ಡ ಉದ್ದ ಇಟ್ಟು ನೋಡಿದೆ, ಒಂದು ಕಡೆ ಎರಡು ರೂಪಾಯಿ ನಾಣ್ಯ ತೂರೋಷ್ಟು ಸಂದಿ, ಉಳಿದಿದ್ದೆಲ್ಲಾ ಕೂತಿದೆ.

ಆದ್ರೆ ಮೇಲಿನ ಎಡ ಮೂಲೇಲಿ ತಟ್ಟಿದ್ರೆ ಒಂದು ತಟ್ಟೆಯಷ್ಟು ಜಾಗ ಡಬ ಡಬ ಅಂತಿದೆ. ಅಲ್ಲಿ ಬೀಮ್ ಬರುತ್ತೆ. ಮೆಶ್ ಹೊಡೆದಿದ್ದೆ, ಕಚ್ಚು ಹಾಕಿದ್ದು ಕಮ್ಮಿ ಆಯ್ತೇನೋ. ಇಷ್ಟು ಚಿಕ್ಕದನ್ನ ಹಂಗೇ ಬಿಡ್ಬಹುದಾ?

ಐಟಿಐ ಮೇಷ್ಟ್ರು · ಅದೇ ದಿನ

ಬಿಡ್ಬೇಡಿ ಅಮ್ಮಾ, ಮೊದಲ ಗೋಡೆಯ ತಪ್ಪನ್ನ ಕೈಯಾರೆ ತೆಗೆದ್ರೆ ಮತ್ತೆ ಆ ತಪ್ಪು ಆಗಲ್ಲ. ಟೊಳ್ಳು ಎಲ್ಲೀವರೆಗಿದೆ ಅಂತ ತಟ್ಟಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅದಕ್ಕಿಂತ ಒಂದಿಂಚು ಹೊರಗೆ ಚೌಕವಾಗಿ ಕತ್ತರಿಸಿ, ಅಂಚು ನೇರ ಇರ್ಲಿ. ಕಾಂಕ್ರೀಟಿಗೆ ಉಳೀಲಿ ಒತ್ತೊತ್ತಾಗಿ ಕಚ್ಚು ಹಾಕಿ, ಧೂಳು ತೊಳೆದು, ಸಿಮೆಂಟ್ ನೀರನ್ನ ಗಂಜಿ ಥರ ಮಾಡಿ ಬ್ರಷ್ಷಲ್ಲಿ ಬಳಿದು ಅದು ಹಸಿ ಇರುವಾಗ್ಲೇ ಮಾಲು ಹೊಡೀರಿ. ಗಂಜಿ ಒಣಗಿದ ಮೇಲೆ ಹೊಡೆದ್ರೆ ಅದೇ ಬೇರೆ ಪದರ ಆಗಿ ಮತ್ತೆ ಟೊಳ್ಳು.

ಪಾವಗಡದ ಸೊಸೆ · ಮೂರು ದಿನ ಆದ್ಮೇಲೆ

ಕತ್ತರಿಸಿ ತೆಗೆದೆ. ಒಳಗೆ ಕಾಂಕ್ರೀಟ್ ಕನ್ನಡಿ ಥರ ಹೊಳೀತಿತ್ತು, ಕಾಂಕ್ರೀಟ್ ಹಾಕೋಕೆ ಕಟ್ಟಿದ್ದ ಶೆಟ್ರಿಂಗ್ ಶೀಟಿನ ಎಣ್ಣೆ ಹಂಗೇ ಇತ್ತು. ಈಗ ಗಟ್ಟಿ ಸದ್ದು ಬರ್ತಿದೆ. ಎರಡು ಮೂರನೇ ಗೋಡೆನೂ ಆಯ್ತು, ಉಳಿದಿರೋದು ಕಿಟಕಿ ಇರೋ ಗೋಡೆ. ಕಿಟಕಿ ಪಕ್ಕದ ದಂಡೆ ಕತ್ತಿ ಹಂಗೆ ನೇರ ಬರ್ಬೇಕು ಅಂದ್ರೆ ಏನ್ ಮಾಡ್ಲಿ, ಬರೀ ಕರಣೇಲಿ ಎಳೆದ್ರೆ ಕುಸೀತಿದೆ.

ಹಳೇ ಕರಣೆ · ಅದೇ ರಾತ್ರಿ

ದಂಡೆಗೆ ಪಟ್ಟಿ ಕಟ್ಟಬೇಕು ತಾಯಿ. ಪಟ್ಟೀನ ಗೋಡೆ ಮುಖಕ್ಕೆ ಒತ್ತಿ ಕಿಟಕಿ ಕಡೆಗೆ ಮಾಲಿನ ದಪ್ಪದಷ್ಟು ಚಾಚಿರೋ ಹಂಗೆ ಇಟ್ಟು, ಗುಂಡು ಬಿಟ್ಟು ತೂಕ ನೋಡಿ, ಕೊಂಡಿ ಹಾಕಿ ಇಲ್ಲಾ ಇಟ್ಟಿಗೆ ಆನಿಸಿ ಅಲ್ಲಾಡದಂಗೆ ನಿಲ್ಸಿ. ಈಗ ಕಿಟಕಿ ಒಳಮುಖಕ್ಕೆ ಪಟ್ಟಿ ಅಂಚಿನವರೆಗೂ ಮಾಲು ತುಂಬಿ ಮಣೆ ಹಿಡಿದು ಮೂಲೆಮಟ್ಟದಲ್ಲಿ ನೋಡ್ಕಳಿ. ಒಳಮುಖ ಹಿಡಿದ ಮೇಲೆ ಪಟ್ಟಿ ತೆಗೆದು ಆ ಒಳಮುಖದ ಮೇಲೆ ಇಟ್ಟು ಗೋಡೆ ಮುಖ ಮಾಡಿ. ಪಟ್ಟೀನ ನಿಮ್ ಕಡೆಗೆ ಕೀಳಬ್ಯಾಡಿ, ದಂಡೆನೂ ಜೊತೆಗೆ ಬತ್ತದೆ. ಮೆಲ್ಲಗೆ ತಟ್ಟಿ ಉದ್ದಕ್ಕೆ ಜಾರಿಸಿ ತೆಗೀರಿ.

ಪಾವಗಡದ ಸೊಸೆ · ಮರುದಿನ ಸಂಜೆ

ಕೆಳಕ್ಕೆ ಜಾರಿಸಿ ತೆಗೆದೆ. ದಂಡೆ ಹಂಗೇ ನಿಂತ್ಕೊಂತು, ಒಂದು ಚೂರೂ ಉದುರಲಿಲ್ಲ. ಫೋಟೋ ಹಾಕಿದೀನಿ ನೋಡಿ, ಬಲಗಡೇದು ಮೊದ್ಲು ಮಾಡಿದ್ದು, ಎಡಗಡೇದು ಆಮೇಲೆ ಮಾಡಿದ್ದು. ಸೋಮವಾರ ಬೆಂಗಳೂರಿಗೆ ವಾಪಸ್, ನನ್ನ ಕರಣೆ ತೊಳೆದು ಒರೆಸಿ ಎಣ್ಣೆ ಸವರಿ ಬ್ಯಾಗಲ್ಲಿ ಇಟ್ಕೊಂಡಿದೀನಿ. ನಮ್ಮ ಮೇಸ್ತ್ರಿಗೆ ಫೋಟೋ ಕಳ್ಸಿದ್ದೆ, ಮೆಟ್ಟಿಲ ಕೆಳಗಿನ ಗೋಡೆ ಬಾಕಿ ಇದೆ, ಬಂದು ಮಾಡಮ್ಮ ಅಂದ್ರು.